ನಳಾ ಬಂದಾವೋ, ಬಂದಿದ್ವೋ?

ನಮ್ಮ ಓಣ್ಯಾಗ ನಳದ ನೀರು ದಿನಾ ಬರೂದಿಲ್ಲ. ಬಂದ್ರೂ ಇಂಥಾ ಹೊತ್ತಿಗೇ ಅಂತ ಇಲ್ಲ. ಅದಕ್ಕ ಮೂಲಿಮನಿ ಅಕ್ಕನ ಬಾಯೇ ನಮಗ ಗಡಿಯಾರ. ಆಕಿ ಬಾಗಲದಾಗ ನಿಂತು "ನಳಾ ಬಂದಾವ ಬರ್ರೆವಾ" ಅಂತ ಒದರಿದ್ಳಂದ್ರ, ಹಂಚಿನ ಮ್ಯಾಲಿನ ರೊಟ್ಟಿ ಹಂಚಿನ ಮ್ಯಾಲೇ ಬಿಟ್ಟು ಎಲ್ಲಾರೂ ಕೊಡಾ ಹಿಡಕೊಂಡು ಓಡ್ತೀವಿ. ಆದ್ರ ಆಕಿ ಸಣ್ಣ ಮಾರಿ ಮಾಡಿ "ನಳಾ ಬಂದಿದ್ವು" ಅಂದ್ಳಂದ್ರ ಯಾರೂ ಏಳೂದಿಲ್ಲ. ಎದ್ದು ಮಾಡೂದೇನು? ಬಂದಿದ್ವು, ಹೋದ್ವು. ನಾವು ಮಲಕೊಂಡಿದ್ವಿ.

ಬಂದಾವ, ಬಂದಿದ್ವು. ಎರಡೂ ಆಗಿಹೋದ ಮಾತೇ. ಆದ್ರ ಒಂದು ಮಾತಿಗೆ ಕೊಡಾ ತುಂಬತಾವ, ಇನ್ನೊಂದಕ್ಕ ಖಾಲಿ ಉಳೀತಾವ. ಇದನ್ನ ನಮಗ ಯಾವ ಸಾಲ್ಯಾಗೂ ಕಲಿಸಿಲ್ಲ. ಅವ್ವನ ಸೆರಗ ಹಿಡಕೊಂಡು ಅಡ್ಡಾಡೂ ಮುಂದ ತಾನ ಬಂತು. ತಾನ ಬಂದದ್ದಕ್ಕ ಕಿಮ್ಮತ್ತಿಲ್ಲ ಅಂತಾರಲ್ಲ, ಹಂಗ ಇದಕ್ಕೂ ನಾವು ಕಿಮ್ಮತ್ತು ಕೊಟ್ಟಿರಲಿಲ್ಲ. ನನಗ ಇದರ ಕಿಮ್ಮತ್ತು ತಿಳಿದದ್ದು ಫ್ರೆಂಚ್ ಭಾಷೆಯಿಂದ ಅಂದ್ರ ನೀವು ನಗತೀರಿ. ನಗ್ರಿ, ಆದ್ರ ಪೂರ್ತಿ ಓದಿ ನಗ್ರಿ.

ನಮ್ಮ ಅಣ್ಣನ ಮಗಳು ಬೆಂಗಳೂರಾಗ ಹಾಸ್ಟೆಲ್‌ನ್ಯಾಗ ಇದ್ದು ಪಿಯುಸಿ ಓದ್ತಾಳ. ಎರಡನೇ ಭಾಷೆ ಫ್ರೆಂಚ್ ತಗೊಂಡಾಳ, ಮಾರ್ಕ್ಸ್ ಭಾಳ ಬೀಳ್ತಾವಂತ. ದೀಪಾವಳಿ ಸೂಟಿಗೆ ಜಮಖಂಡಿಗೆ ಬಂದಾಗ ನಮ್ಮ ಕಟ್ಟಿ ಮ್ಯಾಲ ಕುಂತು ಏನೋ ಗುಣುಗುಣು ಬಾಯಿಪಾಠ ಮಾಡ್ತಿದ್ಳು. ನಾ ಬಾಜೂಕ ಕುಂತು ಮೆಂತೆಪಲ್ಲೆ ಸೋಸಾಕತ್ತಿದ್ದೆ. "ಏನವಾ ಅದು, ಮಂತ್ರ ಅಂದಂಗ?" ಅಂತ ಕೇಳಿದೆ. "ಪಾಸೆ ಕೊಂಪೋಜೆ ಅತ್ತಿ. ಫ್ರೆಂಚರು ದಿನಾ ಮಾತಾಡೂ ಭೂತಕಾಲ. ಪರೀಕ್ಷಾದಾಗ ಇದಕ್ಕ ಭಾಳ ಮಾರ್ಕ್ಸ್" ಅಂದ್ಳು. ಕೊಂಪೋಜೆ ಅಂದ್ರ ಜೋಡಿಸಿದ್ದಂತ. ಎರಡು ತುಂಡು ಜೋಡಿಸಿ ಒಂದು ಭೂತಕಾಲ.

ನಾನೂ ಪಿಯುಸಿ ತನಕ ಓದಿದಾಕಿ. ಹೇಳ ನೋಡೂಣು ಅಂದೆ. ಆಕಿ ಹೇಳಿದ್ದು ಹಿಂಗ:

ಮೊದಲ ಕ್ರಿಯಾಪದವನ್ನ 'ತಿಂದು', 'ಮುಗಿಸಿ' ಅಂದಂಗ ಆಗಿಹೋದ ರೂಪಕ್ಕ ತರಬೇಕು. ಮಾಂಜೇ ಅಂದ್ರ ತಿನ್ನೂದು, ಅದರ ಆಗಿಹೋದ ರೂಪಾನೂ ಬಾಯಾಗ ಮಾಂಜೇನ, ಬರವಣಿಗಿ ಅಷ್ಟ ಬ್ಯಾರೆ. ಫಿನೀರ್ ಅಂದ್ರ ಮುಗಿಸೂದು, ಅದು ಫಿನೀ ಆಗ್ತೈತಿ. ಇನ್ನ ಕೆಲವು ಹಟಮಾರಿ ಪದ ಯಾವ ಸೂತ್ರಕ್ಕೂ ಬಗ್ಗೂದಿಲ್ಲ, ಅವನ್ನ ಬಾಯಿಪಾಠಾನ ಮಾಡಬೇಕು. ನಮ್ಮ ತಿನ್ನು 'ತಿಂದು', ಕೊಡು 'ಕೊಟ್ಟು', ಹೊರು 'ಹೊತ್ತು' ಆಗಿಲ್ಲೇನು, ಹಂಗ.

ಆಮ್ಯಾಲ ಅದರ ಮುಂದ ಒಂದು ಆಸರಿ ಪದ ಇಡಬೇಕು. ಆಸರಿ ಎರಡು ನಮೂನಿ. ಬಹಳಷ್ಟು ಕ್ರಿಯಾಪದಕ್ಕ 'ಆವ್ವಾರ್', ಅಂದ್ರ ನನ್ನ ಕಡೆ ಐತಿ ಅನ್ನೂ ಮಾತು. 'ಜೆ ಮಾಂಜೇ' ಅಂದ್ರ ನಾ ತಿಂದೀನಿ. ಆದ್ರ ಒಂದು ಹದಿನೈದರಷ್ಟು ಪದಕ್ಕ 'ಎತ್ರ್', ಅಂದ್ರ ಇರು ಅನ್ನೂ ಮಾತು. ಅವು ಯಾವ್ಯಾವು? ಬರೂದು, ಹೋಗೂದು, ಮುಟ್ಟೂದು, ಹೊಂಡೂದು, ಏರೂದು, ಇಳಿಯೂದು, ಬೀಳೂದು, ಉಳಿಯೂದು, ಹುಟ್ಟೂದು, ಸಾಯೂದು. ತನ್ನ ಮೈ ತಾನ ತೊಳಕೊಳ್ಳೂದು, ತಾನ ಏಳೂದು, ಇಂಥಾವಕ್ಕೂ ಇದೇ ಆಸರಿ. 'ಇಲ್ ಎ ವನ್ಯೂ' ಅಂದ್ರ ಅಂವ ಬಂದಾನ. ತುಂಡು ತುಂಡು ಮಾಡಿ ನೋಡಿದ್ರ: ಇಲ್ ಅಂದ್ರ ಅಂವ, ಎ ಅಂದ್ರ ಅದಾನ, ವನ್ಯೂ ಅಂದ್ರ ಬಂದು. ಹೆಣ್ಣಾದ್ರ 'ಎಲ್ ಎ ವನ್ಯೂ'. ಆಗ ಬರಿಯೂ ಮುಂದ ವನ್ಯೂಕ್ಕ ಒಂದು ಅಕ್ಷರ ಹೆಚ್ಚಿಗಿ ಸೇರಸ್ತಾರ, ಕಿವಿಗೆ ಏನೂ ಫರಕ ಕೇಳೂದಿಲ್ಲ.

ಪಲ್ಲೆ ಸೋಸೂ ಕೈ ಅಲ್ಲೇ ನಿಂತ್ವು. "ಅಂವ ಅದಾನ, ಬಂದು... ತಂಗಿ, ಇದು ನಮ್ಮ 'ಬಂದಾನ' ಅಲ್ಲೇನ?"

ಹುಡುಗಿ ನನ್ನ ಮಾರಿ ನೋಡಿದ್ಳು. ಗ್ವಾಡಿಗಿದ್ದ ಕ್ಯಾಲೆಂಡರಿನ ಹಳೇ ಹಾಳಿ ಹರದು ಹಿಂದಿನ ಮಗ್ಗಲ ಬರದು ತೋರಿಸಿದೆ. ನಮ್ಮ ಕಡೆ ಇರೂದನ್ನ ಹೆಂಗ ಹೇಳ್ತೀವಿ? ನಾ ಅದೀನಿ, ಅಂವ ಅದಾನ, ಆಕಿ ಅದಾಳ, ಅವರು ಅದಾರ, ಅದು ಐತಿ, ಅವು ಅದಾವ. ಈಗ ಇದಕ್ಕ 'ಬಂದು' ಜೋಡಸ್ರಿ. ಬಂದು ಅದೀನಿ, ಬಂದೀನಿ. ಬಂದು ಅದಾನ, ಬಂದಾನ. ಬಂದು ಅದಾಳ, ಬಂದಾಳ. ಬಂದು ಐತಿ, ಬಂದೈತಿ. ಬಂದು ಅದಾವ, ಬಂದಾವ. 'ಮಾಡಿ'ಗೆ ಜೋಡಿಸಿದ್ರ ಮಾಡೀನಿ, ಮಾಡ್ಯಾನ, ಮಾಡ್ಯಾಳ, ಮಾಡೈತಿ. ಪುಸ್ತಕದ 'ಬಂದಿದ್ದಾನೆ' ಆದದ್ದೂ ಹಿಂಗೇ, ಬಂದು ಮತ್ತ ಇದ್ದಾನೆ ಕೂಡಿ. ಅವರ 'ಇದ್ದಾನೆ' ಇದ್ದಲ್ಲೆ ನಮ್ಮದು 'ಅದಾನ', ಅಷ್ಟ ಫರಕ.

ಫ್ರೆಂಚರಿಗೆ ಆಸರಿ ಎರಡು, ಯಾವ ಪದಕ್ಕ ಯಾವುದು ಅಂತ ಹುಡುಗೂರು ಬಾಯಿಪಾಠ ಮಾಡಬೇಕು. ನಮ್ಮದರಾಗ ಎಲ್ಲಾದಕ್ಕೂ 'ಇರು' ಒಂದೇ. ಹೆಣ್ಣು ಗಂಡು ಅನ್ನೂ ಫರಕಾನೂ ನಮ್ಮದರಾಗ ಬಾಯಿಬಿಟ್ರ ಕೇಳಸ್ತೈತಿ. ಬಂದಾನ ಅಂದ್ರ ಗಂಡ, ಬಂದಾಳ ಅಂದ್ರ ಹೆಣ್ಣ. ಅವರಿಗೆ ಅದನ್ನ ತೋರ್ಸಾಕ ಹಾಳಿ ಪೆನ್ನು ಬೇಕು.

ನಾ ನಗಾಕತ್ತಿದ್ದೆ, ಹುಡುಗಿ ನಗಲಿಲ್ಲ. ಸುಮ್ಮ ಕುಂತು, ಆಮ್ಯಾಲ ಹೇಳಿದ್ಳು. ಹಾಸ್ಟೆಲ್ಲಿಗೆ ಹೋದ ಹೊಸದಾಗ "ಅಕಿ ಬಂದಾಳ" ಅಂದಿದ್ಳಂತ. ರೂಮಿನ ಹುಡುಗ್ಯಾರು ಹೊಟ್ಟಿ ಹಿಡಕೊಂಡು ನಕ್ಕು, ತಿಂಗಳಗಟ್ಟಲೆ ಇಕಿನ್ನ ಕಂಡಾಗೊಮ್ಮೆ "ಬಂದಾಳ, ಬಂದಾಳ" ಅಂದ್ರಂತ. ಅವತ್ತಿನಿಂದ ಇಕಿ ಆ ಮಾತು ಬಿಟ್ಟಾಳ. ನಮಗ ಗೊತ್ತ ಇರಲಿಲ್ಲ. ಊರಿಗೆ ಬಂದ್ರೂ "ಊಟ ಮಾಡಿದ್ದೇನೆ", "ಅಪ್ಪ ಬಂದಿದ್ದಾರೆ" ಅಂತ ಪುಸ್ತಕ ಓದಿದಂಗ ಮಾತಾಡ್ತಿದ್ಳು. ಎಂಬತ್ತು ದಾಟಿದ ನಮ್ಮವ್ವ ಒಂದಿನ ನನ್ನ ಕಡೆ ಹೇಳಿ ಕಣ್ಣೀರ ತಗದಿದ್ಳು: "ಮೊಮ್ಮಗಳು ನನ್ನ ಸಂಗಾಟ ಆಫೀಸರು ಮಾತಾಡಿದಂಗ ಮಾತಾಡ್ತಾಳ. ನಾ ಏನು ತಪ್ಪ ಮಾಡೀನಿ?"

ನೋಡ್ರಿ ಅಕ್ಕಾರ, ನನಗ ಸಿಟ್ಟ ಬಂದದ್ದು ಇಲ್ಲೆ. ಫ್ರಾನ್ಸಿನವ್ರು ಎರಡು ತುಂಡು ಜೋಡಿಸಿದ್ರ ಅದು ವ್ಯಾಕರಣ, ಅದಕ್ಕ ಕ್ಲಾಸು, ಪರೀಕ್ಷಾ, ಮಾರ್ಕ್ಸ್. ಮುಧೋಳದಾಗ, ಬೀಳಗ್ಯಾಗ, ಬನಹಟ್ಟ್ಯಾಗ ಹೆಣ್ಮಕ್ಕಳು ಅದನ್ನೇ ಜೋಡಿಸಿದ್ರ ಅದು ಹಳ್ಳಿಮಾತು, ಹರಕಮಾತು, ತಿದ್ದಬೇಕಾದ ಮಾತು! ಇನ್ನೊಂದು ಮಜಾ ಹೇಳ್ತೀನಿ. 'ಬಂದಿಲ್ಲ' ಅಂತ ಎಲ್ಲಾರೂ ಅಂತಾರ, ಬೆಂಗಳೂರವ್ರೂ ಅಂತಾರ, ಪುಸ್ತಕದಾಗೂ ಐತಿ. ಅದೂ ಬಂದು ಮತ್ತ ಇಲ್ಲ ಕೂಡಿದ್ದೇ. ಬಂದು-ಇಲ್ಲ 'ಬಂದಿಲ್ಲ' ಆದ್ರ ಶುದ್ಧ, ಬಂದು-ಅದಾನ 'ಬಂದಾನ' ಆದ್ರ ಅಶುದ್ಧ. ಇದು ಯಾವ ನ್ಯಾಯ?

ಇದು ನಮ್ಮ ನಾಲ್ಕೂರಿನ ಮಾತಷ್ಟ ಅಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರ ಸಂಸ್ಥಾನ. 1948ರಾಗ ಎರಡೂ ಸಂಸ್ಥಾನ ಮುಗದ್ರೂ ಮರಾಠಿ ಕೂಡ ನಮ್ಮ ಬೀಗತನ ಮುಗದಿಲ್ಲ. ಮೀರಜ, ಸಾಂಗ್ಲಿ, ಇಚಲಕರಂಜಿಗೆ ಕೊಟ್ಟ ಮನಿ, ತಂದ ಮನಿ ಎಷ್ಟೋ ಅದಾವ. ಅಲ್ಲಿಯವ್ರು 'ತೋ ಆಲಾ ಆಹೇ' ಅನ್ನೂದನ್ನ ಬಾಯಾಗ 'ಆಲಾಯ' ಮಾಡ್ತಾರ. ಬಂದು ಅದಾನ, ಬಂದಾನ. ಒಂದೇ ಹೆಜ್ಜಿ. ಹಿಂದಿಯವ್ರು 'ಆಯಾ ಹೈ' ಅಂತಾರ. ಧಾರವಾಡ ಕಡೆ ಹೋದ್ರ, ನಮ್ಮೂರಾಗೂ ಕೆಲವ್ರ ಮನ್ಯಾಗ, 'ಬಂದೈತಿ' ಬದಲಿ 'ಬಂದದ' ಅಂತಾರ. ಹಂತಾ ಧಾರವಾಡದ ಮಾತಿನಾಗ ಕವಿತಾ ಬರದ ಬೇಂದ್ರೆಯವರ 'ನಾಕುತಂತಿ'ಗೆ 1973ರ ಜ್ಞಾನಪೀಠ ಸಿಕ್ಕೈತಿ. ಘೋಡಗೇರಿಯ ಚಂದ್ರಶೇಖರ ಕಂಬಾರರು ಹಳ್ಳಿಮಾತಿನಾಗ ನಾಟಕ ಬರದಾರ, ಅವರಿಗೆ 2010ರ ಜ್ಞಾನಪೀಠ ಬಂದೈತಿ. ಪ್ರಶಸ್ತಿ ಕೊಡೂ ಮುಂದ ಚಂದ ಕೇಳಿದ ಮಾತು ನಮ್ಮ ಹುಡುಗೂರ ಬಾಯಾಗ ಯಾಕ ಹೊಲಸ ಕೇಳಬೇಕು?

ಈಗ ಈ ಮಾತು ಏನು ಕೆಲಸಾ ಮಾಡ್ತೈತಿ ಅಂತ ನೋಡೂಣು. ನಮ್ಮ ಕಡೆ ಮೂರು ಅದಾವ. ಬಸ್ ಸ್ಟ್ಯಾಂಡಿನಾಗ ನಿಂತೀರಿ ಅಂತ ತಿಳಕೋರಿ. ಬಸ್ಸಿನ ಮೂತಿ ತಿರವಿನಾಗ ಕಂಡಕೂಡ್ಲೇ "ಬಂತು, ಬಂತು" ಅಂತೀರಿ. ಬಂದು ನಿಂತು ಮಂದಿ ಏರೂ ಮುಂದ ಫೋನಿನಾಗ "ಬಸ್ ಬಂದೈತಿ, ಲಗೂನ ಬಾ" ಅಂತೀರಿ. ಹೋದಮ್ಯಾಲ ಓಡಿ ಬಂದಾವ್ರಿಗೆ "ಬಂದಿತ್ತು, ಈಗರೆ ಹೋತು" ಅಂತೀರಿ. ಬಂತು ಅನ್ನೂದು ಆ ಗಳಿಗಿ. ಬಂದೈತಿ ಅನ್ನೂದು ಆ ಗಳಿಗಿ ದಾಟಿದ್ರೂ ಅದರ ಫಲ ಇನ್ನೂ ಎದುರಿಗೆ ಐತಿ ಅನ್ನೂದು. ಬಂದಿತ್ತು ಅನ್ನೂದು ಫಲಾನೂ ಹೋತು ಅನ್ನೂದು.

ಫ್ರೆಂಚರು ಮಾತಾಡೂ ಮುಂದ ಮೊದಲಿನ ಎರಡಕ್ಕೂ ಅದೇ ಒಂದು ಜೋಡಿಸಿದ ರೂಪ ಬಳಸ್ತಾರಂತ. ಅವರದರಾಗೂ 'ಬಂದ' ಅಂದಂಥಾ ಒಂಟಿ ಪದದ ಭೂತಕಾಲ ಐತಿ, ಆದ್ರ ಅದು ಕಥಿ ಕಾದಂಬರಿ ಇತಿಹಾಸದ ಪುಸ್ತಕದಾಗ ಉಳದೈತಿ, ಬಾಯಾಗ ಉಳದಿಲ್ಲ. "ಸಣ್ಣಾವ್ರಿದ್ದಾಗ ಹೊಳಿಗೆ ಅರಬಿ ಒಗ್ಯಾಕ ಹೋಗ್ತಿದ್ವಿ" ಅನ್ನೂವಂಥಾ ರೂಢಿ ಮಾತಿಗೆ ಅವರು ಬ್ಯಾರೆ ರೂಪ ಇಟ್ಟಾರ. ನಮ್ಮಲ್ಲೆ ಬಂದ, ಬಂದಾನ, ಬಂದಿದ್ದ ಮೂರೂ ಇನ್ನೂ ಓಣ್ಯಾಗ ಜೀವಂತ ಅದಾವ. ಒಂದನ್ನ ಹಳ್ಳಿಮಾತು ಅಂತ ನಾಚಿ ಬಿಟ್ರ, ಅದರ ಕೆಲಸಾ ಮಾಡಾಕ ಮನ್ಯಾಗ ಬ್ಯಾರೆದ್ದನ್ನ ಎಲ್ಲಿಂದ ತರೂದು?

ಆಲಮಟ್ಟಿ ಹಿನ್ನೀರಿನಾಗ ಊರ ಕಳಕೊಂಡ ಬೀಳಗಿ ಕಡೆ ಹೆಣ್ಮಕ್ಕಳ ಮಾತು ಕೇಳ್ರಿ. ಪುನರ್ವಸತಿ ಕೇಂದ್ರದಾಗ ಮನಿ ಕಟಗೊಂಡು ಮೊಮ್ಮಕ್ಕಳನ್ನ ಕಂಡ್ರೂ ಅವರು "ನಮ್ಮೂರ ಮುಳುಗೈತಿ" ಅಂತಾರ. 'ಮುಳುಗಿತ್ತು' ಅನ್ನೂದಿಲ್ಲ. ಮುಳುಗಿದ್ದು ಆವತ್ತಾದ್ರೂ ನೀರು ಇವತ್ತೂ ಅದರ ಮ್ಯಾಲೇ ಐತಿ. 2019ರ ಆಗಸ್ಟಿನಾಗ ಕೃಷ್ಣಾ, ಘಟಪ್ರಭಾ ತುಂಬಿ ಬಂದಾಗ ನಾವೆಲ್ಲಾ "ಹೊಳಿ ಬಂದೈತಿ" ಅಂತ ಸಾಮಾನು ಅಟ್ಟದ ಮ್ಯಾಲ ಒಟ್ಟಿದ್ವಿ. ಈಗ ಅದನ್ನ ನೆನಸೂ ಮುಂದ "ಹೊಳಿ ಬಂದಿತ್ತು" ಅಂತೀವಿ, ಯಾಕಂದ್ರ ಆ ನೀರು ಇಳದೈತಿ. ಊರ ಮುಳುಗೈತಿ, ಹೊಳಿ ಬಂದಿತ್ತು. ಒಂದು ದುಃಖ ಇನ್ನೂ ನಿಂತೈತಿ, ಇನ್ನೊಂದು ದಾಟಿ ಹೋಗೈತಿ.

ಹಿರ್ಯಾರ ಮಾತನ್ನೂ ನಾವು ಹಿಂಗೇ ನಡಸ್ತೀವಿ. ಬಸವಣ್ಣನವ್ರು ಹನ್ನೆರಡನೇ ಶತಮಾನದಾವ್ರು. ಆದ್ರೂ "ಬಸವಣ್ಣನವ್ರು ಹೇಳ್ಯಾರ" ಅಂತೀವಿ, ನಿನ್ನೆ ಕಟ್ಟಿ ಮ್ಯಾಲ ಕುಂತು ಹೇಳಿ ಹ್ವಾದಂಗ. ನಮ್ಮ ಮುಧೋಳದ ರನ್ನ, ಬಳೆಗಾರರ ಮನಿ ಮಗ, ಸಾವಿರ ವರ್ಷದ ಹಿಂದ 'ಗದಾಯುದ್ಧ' ಬರದಾನ. ಅದು ಇನ್ನೂ ಓದಾಕ ಸಿಗತೈತಿ, ಅದಕ್ಕ 'ಬರದಾನ'. ನಮ್ಮ ಅತ್ತಿಯವ್ರು ತೀರಿಕೊಂಡು ಹನ್ನೊಂದು ವರ್ಷಾತು. ಇವತ್ತಿಗೂ ಉಪ್ಪಿನಕಾಯಿ ಭರಣಿಗೆ ಹಸಿ ಕೈ ಹಾಕೂ ಮುಂದ "ಅತ್ತಿ ಹೇಳ್ಯಾರ, ಹಸಿ ಕೈ ಹಾಕಬಾರದು" ಅಂತ ನನಗ ನಾನ ಅಂದಕೋತೀನಿ. ಅವರಿಲ್ಲ, ಅವರ ಮಾತು ಐತಿ. 'ಹೇಳಿದ್ರು' ಅಂದ್ರ ಕೈ ಹಾಕಿಬಿಡ್ತಿದ್ನೇನೋ.

ಹಂಗಂತ ನಮ್ಮ ಮಾತಿನಿಂದ ಫಜೀತಿ ಆಗೂದೇ ಇಲ್ಲ ಅಂತಲ್ಲ. ಆಗೈತಿ, ಅದನ್ನೂ ಹೇಳ್ತೀನಿ.

ನನ್ನ ಸೊಸಿ ಮೈಸೂರು ಕಡೆಯಾಕಿ. ಭಾಳ ಚಲೋ ಹುಡುಗಿ. ಮದವಿಯಾದ ಹೊಸದಾಗ, ನಮ್ಮ ಮನಿಯವ್ರು ಬೆಂಗಳೂರಿಗೆ ಹೊಂಟಿದ್ರು. ಶುಕ್ರವಾರ ಹೋಗಾವ್ರು ಸೀಟು ಸಿಕ್ಕತಂತ ಗುರುವಾರಾನೇ ಬಸ್ ಹತ್ತಿದ್ರು. ಬೆಳಗಿನ ಆರಕ್ಕ ಯಶವಂತಪುರದಾಗ ಇಳದ್ರ ಫೋನಿನ ಚಾರ್ಜ್ ಮುಗದೈತಿ. ಮಗನ ನಂಬರು, ವಿಳಾಸ ಎಲ್ಲಾ ಅದರಾಗೇ. ಬಾಯಿಪಾಠ ಇದ್ದದ್ದು ನನ್ನ ನಂಬರು ಒಂದೇ. ಚಾದಂಗಡಿಯವನ ಫೋನಿನಿಂದ ನನಗ ಹೇಳಿದ್ರು. ಮಗ ರಾತ್ರಿಪಾಳಿ ಮುಗಿಸಿ ಮಲಗಿದ್ದ, ಫೋನ್ ಎತ್ತಲಿಲ್ಲ. ಸೊಸಿಗೆ ಹಚ್ಚಿ "ನಿಮ್ಮ ಮಾವನವ್ರು ಯಶವಂತಪುರಕ್ಕ ಬಂದಾರ ನೋಡವಾ" ಅಂದೆ. "ಆಗಲಿ ಅತ್ತೆ, ಬರಲಿ" ಅಂದ್ಳು. ನಾ ನಿಶ್ಚಿಂತಿ ಆಗಿ ರೊಟ್ಟಿಗೆ ಕುಂತೆ.

ಎರಡು ತಾಸಾದ್ರೂ ಅವರನ್ನ ಕರಿಯಾಕ ಯಾರೂ ಹೋಗಿಲ್ಲ! ಇವರಿಗೆ ಶುಗರ್ ಬ್ಯಾರೆ. ಗುಳಿಗಿ ತಗೊಂಡಾರ, ಹೊಟ್ಯಾಗ ಏನಿಲ್ಲ. ಕೈಕಾಲು ನಡುಗಿ ಬೆವರು ಬಿಟ್ಟು, ಕಡೀಕ ಸೊಸಿಗಂತ ಕಟ್ಟಿದ್ದ ಅಮೀನಗಡದ ಕರದಂಟಿನ ಡಬ್ಬಿ ಬಿಚ್ಚಿ ಎರಡು ತುಂಡು ತಿಂದು ಜೀವ ಹಿಡಕೊಂಡಾರ. ನಾ ಮತ್ತ ಫೋನ್ ಹಚ್ಚಿದಾಗ ಸೊಸಿ ಅಳಾಕ ಶುರು ಮಾಡಿದ್ಳು. ಆಕಿ ಕಿವಿಗೆ ನನ್ನ 'ಬಂದಾರ' ಅನ್ನೂದು 'ಬಂದಾರು' ಅಂತ ಕೇಳೈತಿ. ಸಾಲಿ ವ್ಯಾಕರಣದಾಗ ಓದೀವಲ್ಲ, ಸಂಭಾವನಾರ್ಥ: ಬಂದಾನು, ಬಂದಾಳು, ಬಂದೀತು. ಬಂದಾರು ಅಂದ್ರ ಬರಬಹುದು. ಶುಕ್ರವಾರ ರಾತ್ರಿ ಬರಾವ್ರು ಒಂದಿನ ಮೊದಲ ಬಂದಾರು ಅಂದಕೊಂಡು ಹುಡುಗಿ ಹಾಸಗಿ ಹೊದಕಿ ಒಗ್ಯಾಕ ಹಾಕಿ ತಯಾರಿ ನಡಸಿದ್ಳು, ಪಾಪ.

ನಮ್ಮ ಮನಿಯವ್ರು ಆವತ್ತು ಸಿಟ್ಟಾದ್ರು. ಆಕಿ ಮಾವನವರನ್ನ ಬೇಕಂತ ಕಾಯಿಸಿದ್ಳು ಅಂತ ನಮ್ಮ ಮಂದೀನೂ ನಾಲ್ಕು ಮಾತಾಡಿದ್ರು. ನಾ ಯಾರನ್ನ ಬೈಲಿ? ಆಕಿ ಕೇಳಿದ್ದೂ ಖರೇ ಕನ್ನಡಾನೇ, ನಾ ಅಂದದ್ದೂ ಖರೇ ಕನ್ನಡಾನೇ. ನಮ್ಮ ಮಾತಿನಾಗೂ ಆ 'ಆದೀತು' ಅನ್ನೂ ರೂಪ ಐತಿ. "ಕೂಸು ಬಿದ್ದೀತು, ಹಿಡಿ" ಅಂತೀವಿ, ಬಿದ್ದಮ್ಯಾಲ "ಬಿದ್ದೈತಿ" ಅಂತೀವಿ. ಒಂದು ಕೊನೀ ಅಕ್ಷರದ ಮ್ಯಾಲ ನಿಂತೈತಿ ಎಲ್ಲಾ. ಈಗ ಸೊಸಿ ನಗಚಾಟಿ ಕಲತಾಳ. ಯಾರರೆ ಬಂದಾರ ಅಂದ್ರ ಸಾಕು, "ಅತ್ತೆ, ಬಂದು ಕೂತವ್ರೋ, ಬರೋವ್ರೋ?" ಅಂತ ಕೇಳ್ತಾಳ. ಹಂಗ ಕೇಳೂದು ಚಲೋ. ನಕ್ಕು ಬಾಯಿ ಮುಚ್ಚಿಸೂದಕ್ಕಿಂತ ಕೇಳಿ ತಿಳಕೊಳ್ಳೂದು ಎಷ್ಟೋ ಪಾಡ.

ಇನ್ನೊಂದು ಹಳೇ ಗಾಯ. ಪಿಯುಸ್ಯಾಗ ಇಂಗ್ಲಿಷಿನಾಗ ನಾ 'ಐ ಹ್ಯಾವ್ ಕಮ್ ಯಸ್ಟರ್‌ಡೆ' ಅಂತ ಬರದು ಮಾರ್ಕ್ಸ್ ಕಳಕೊಂಡಿದ್ದೆ. 'ನಿನ್ನೆ ಬಂದೀನಿ' ಅನ್ನೂದನ್ನ ಹಂಗೇ ಎತ್ತಿ ಇಟ್ಟಿದ್ದೆ. ಇಂಗ್ಲಿಷಿನಾಗ ನಿನ್ನೆ ಕೂಡ ಆ ರೂಪ ನಡ್ಯೂದಿಲ್ಲ, ಒಪ್ಪಿದೆ. ಆದ್ರ ಕೆಂಪು ಗೀಟು ಹಾಕಿದವ್ರು ಕ್ಲಾಸಿನ ಮುಂದ "ಹಳ್ಳಿಯವ್ರ ತಲ್ಯಾಗ ಕಾಲನೇ ಇಲ್ಲ" ಅಂದಿದ್ರು. ಮೂವತ್ತು ವರ್ಷದ ಮ್ಯಾಲಾತು, ಆ ಮಾತು ಇನ್ನೂ ಚುಚ್ಚತೈತಿ. ಅಣ್ಣನ ಮಗಳು ಹೇಳ್ತಾಳ, ಫ್ರೆಂಚಿನಾಗ 'ನಿನ್ನೆ' ಕೂಡ ಪಾಸೆ ಕೊಂಪೋಜೆ ಚಲೋತ್ನಂಗ ನಡೀತೈತಿ. ಅಂದ್ರ ನನ್ನ ತಲ್ಯಾಗ ಕಾಲ ಇತ್ತು. ಇಂಗ್ಲಿಷಿನ ಕಾಲ ಇರಲಿಲ್ಲ, ಅಷ್ಟ.

ಅದಕ್ಕ ನನ್ನ ಮಾತು ಇಷ್ಟ. ಪರೀಕ್ಷಾದಾಗ, ಅರ್ಜ್ಯಾಗ ಹುಡುಗೂರು 'ಬಂದಿದ್ದಾನೆ' ಅಂತಾನ ಬರೀಬೇಕು. ಅದು ನಾಡಿಗೆಲ್ಲಾ ತಿಳಿಯೂ ರೂಪ, ಅದನ್ನ ಚೊಕ್ಕ ಕಲೀಲಿ. ಆದ್ರ ಮನ್ಯಾಗ "ಅಪ್ಪ ಬಂದಾನ" ಅಂದ ಕೂಸಿಗೆ "ಹಂಗ ಅನಬ್ಯಾಡ, ಅದು ತಪ್ಪ" ಅನಬ್ಯಾಡ್ರಿ. ತಪ್ಪ ಅಲ್ಲ ಅದು. ಬೇಕಾದ್ರ "ಇದು ಮನಿ ರೂಪ, ಅದು ಬರವಣಿಗಿ ರೂಪ, ಎರಡೂ 'ಇರು' ಕೂಡಿ ಆಗ್ಯಾವ" ಅಂತ ಬಿಡಿಸಿ ಹೇಳ್ರಿ. ಗೊತ್ತಿಲ್ಲದ್ದನ್ನ ಹುಡುಗೂರು ನಾಚಿ ಬಿಡ್ತಾರ. ಹೆಂಗ ಆಗೈತಿ ಅಂತ ಗೊತ್ತಾದ್ರ ಯಾರ ಮುಂದೂ ನಾಚೂದಿಲ್ಲ. ನಮ್ಮ ಹುಡುಗಿಗೆ ಗೊತ್ತಾಗಾಕ ಫ್ರೆಂಚ್ ಬೇಕಾತು. ನಿಮ್ಮ ಹುಡುಗೂರಿಗೆ ನೀವೇ ಸಾಕು, ಒಂದು ಹಳೇ ಕ್ಯಾಲೆಂಡರಿನ ಹಾಳಿ ಸಾಕು.

ಸೂಟಿ ಮುಗಿಸಿ ಹೋಗೂ ದಿನ ಹುಡುಗಿ ಅವ್ವನ ಕಾಲಿಗೆ ಬಿದ್ದು ಎದ್ದಾಕಿ, "ಅಜ್ಜಿ, ನಿನ್ನ ಕೈಯಾನ ರೊಟ್ಟಿ ಕಟಗೊಂಡೀನಿ" ಅಂದ್ಳು. ನಮ್ಮವ್ವ ಏನೂ ಅನ್ನಲಿಲ್ಲ. ಒಳಗ ಹೋಗಿ ಇನ್ನೂ ನಾಲ್ಕು ರೊಟ್ಟಿ ತಂದು ಆಕಿ ಚೀಲಕ್ಕ ತುರುಕಿದ್ಳು. ಮರುದಿನ ಮುಂಜಾನಿ ನನ್ನ ಫೋನಿಗೆ ಒಂದೇ ಮಾತಿನ ಮೆಸೇಜು: "ಮುಟ್ಟೀನಿ." ಅವ್ವಗ ಓದಿ ಹೇಳಿದೆ. "ಮುಟ್ಟ್ಯಾಳಂತ?" ಅಂತ ಮತ್ತೊಮ್ಮೆ ಕೇಳಿ, ನಿಶ್ಚಿಂತಿ ಆಗಿ ಚಾ ಕುಡದ್ಳು.

ಅಷ್ಟೊತ್ತಿಗೆ ಮೂಲಿಮನಿ ಅಕ್ಕ ಒದರಿದ್ಳು. ನಾ ಕೊಡಾ ತಗೊಂಡು ಓಡಿದೆ.